ಹದಿನೇಳನೆಯ ಪ್ಯಾರಾದ ಕೋಟಮ್ಮ

ಕೋಟಮ್ಮ ತಮ್ಮ ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಯಾರ ಮುಖಕ್ಕೂ ‘ಇಲ್ಲ’ ಎಂದವರಲ್ಲ. ‘ಆಗಲಿ’ ಎಂದದ್ದೂ ಕಡಿಮೆ. ಏನು ಕೇಳಿದರೂ ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ, ಕೇಳಿದವರ ಭುಜದಾಚೆಯ ಗೋಡೆಯಲ್ಲಿ ಏನನ್ನೋ ಓದುವವರಂತೆ ದೃಷ್ಟಿ ನೆಟ್ಟು, ‘ಗಮನಕ್ಕೆ ಬಂತು’ ಎನ್ನುವರು, ಮುಗಿಯಿತು. ರಜೆ ಕೇಳಿದ ಗುಮಾಸ್ತರಿಗೂ ಅದೇ ಉತ್ತರ, ಯುದ್ಧದ ಸುದ್ದಿ ಹೊತ್ತು ತಂದ ರಾಯಭಾರಿಗೂ ಅದೇ ಉತ್ತರ. ಅವರ ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಒಪ್ಪಂದಗಳ ವಿಭಾಗದ ಭಾಷಾಂತರಕಾರರೊಬ್ಬರು, ಸಾಧು ಮನುಷ್ಯ, ಎರಡು ವಾರ ಮನಸ್ಸಿನಲ್ಲೇ ಕರಡು ತಿದ್ದಿಕೊಂಡು, ಮೆಟ್ಟಿಲ ತಿರುವಿನಲ್ಲಿ ಅವರನ್ನು ತಡೆದು ಮದುವೆಯ ಮಾತೆತ್ತಿದಾಗಲೂ ಇವರು ಕನ್ನಡಕ ಹಣೆಗೇರಿಸಿ ‘ಗಮನಕ್ಕೆ ಬಂತು’ ಎಂದರಂತೆ. ಪಾಪ, ಆತ ಅದನ್ನು ಶುಭಲಕ್ಷಣವೆಂದೇ ಭಾವಿಸಿ ಒಂದೂವರೆ ವರ್ಷ ಕಾದು, ಕೊನೆಗೆ ಗ್ರಂಥಾಲಯದಾಕೆಯನ್ನು ಮದುವೆಯಾದರು. ‘ನಾನು ಬೇಡ ಅಂದಿರ್ಲಿಲ್ಲ ಕಣಪ್ಪ, ಅವರೇ ಅವಸರ ಮಾಡ್ಬಿಟ್ರು’ ಎಂದು ಕೋಟಮ್ಮ ಒಮ್ಮೆ ನನಗೆ ಹೇಳಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಕ್ಕಿರಲಿಲ್ಲ ಎಂಬುದು ನನಗೆ ಹೊಳೆದದ್ದು ಮನೆಗೆ ಹೋದ ಮೇಲೆ.

ಕೋಟಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ಬೂದು ಬಣ್ಣದ, ಮೊಣಕಾಲು ಮುಟ್ಟುವ ಗಂಡಸರ ಕೋಟೊಂದನ್ನು ಅವರು ಬಿಸಿಲಿರಲಿ ಚಳಿಯಿರಲಿ ತೊಡದೆ ಹೊರಬೀಳುತ್ತಿರಲಿಲ್ಲ. ಮೊದಲ ಸಮ್ಮೇಳನಕ್ಕೆ ಹೋದಾಗ ಸಭಾಂಗಣದ ತಂಪಿಗೆ ಹಲ್ಲು ಕಟಕಟಿಸಿ, ಮಧ್ಯಾಹ್ನದ ವಿರಾಮದಲ್ಲಿ ಹಳೆ ಬಟ್ಟೆಯಂಗಡಿಯೊಂದಕ್ಕೆ ನುಗ್ಗಿ ಕೊಂಡದ್ದಂತೆ. ಹೆಂಗಸರ ಕೋಟೇ ಸಿಗಲಿಲ್ಲವೇ ಎಂದು ನಾನೊಮ್ಮೆ ಕೇಳಿದೆ. ‘ಸಿಕ್ತು. ಅದಕ್ಕೆ ಜೇಬೇ ಇರ್ಲಿಲ್ಲ. ಮಾತಾಡೋಕೆ ಬಂದವಳು ಕಾಗದ ಎಲ್ಲಿಟ್ಕೋಬೇಕು?’ ಎಂದರು. ಈ ಕೋಟಿಗೆ ಒಳಗೆರಡು, ಹೊರಗೆ ನಾಲ್ಕು ಜೇಬು. ಆರರಲ್ಲೂ ಮಡಿಚಿದ ಕಾಗದಗಳು. ನಡೆಯುವಾಗ ಅವು ಸರಬರ ಎನ್ನುತ್ತಿದ್ದವು. ಅವರು ಪಡಸಾಲೆಯ ನಡುವೆ ನಡೆದದ್ದನ್ನು ನಾನು ಕಾಣೆ. ಸದಾ ಗೋಡೆಗೆ ಒತ್ತಿಕೊಂಡು, ಎಡ ಹೆಗಲು ಸುಣ್ಣಕ್ಕೆ ತಾಗುವಷ್ಟು ಹತ್ತಿರದಲ್ಲಿ, ಸಣ್ಣ ಸಣ್ಣ ಹೆಜ್ಜೆಯಿಟ್ಟು ಬರುವರು. ಕೋಟಿನ ಎಡತೋಳು ಅದಕ್ಕೇ ಬಲತೋಳಿಗಿಂತ ಬೆಳ್ಳಗಿತ್ತು.

ನಾನು ಪಾಸ್‌ಪೋರ್ಟ್ ವಿಭಾಗದಿಂದ ಎತ್ತಂಗಡಿಯಾಗಿ ವಿದೇಶಾಂಗ ಕಚೇರಿಯ ನಾಲ್ಕನೆಯ ಮಹಡಿಯ ಆ ಕೋಣೆಗೆ ಬಂದು ಬಿದ್ದಾಗ ನನಗೆ ನಲವತ್ತು ತುಂಬಿತ್ತು, ಬಡ್ತಿಯ ಆಸೆ ಬತ್ತಿತ್ತು, ಸಿಡುಕು ಮಾತ್ರ ಪುಷ್ಕಳವಾಗಿತ್ತು. ಎರಡು ಮೇಜು, ಒಂದು ಫೋನು, ತೆರೆಯಲು ಬಾರದ ಒಂದು ಕಿಟಕಿ, ಸಾಲಾಗಿ ಮೂರು ಕಬ್ಬಿಣದ ಕಪಾಟು. ನಮ್ಮ ದೇಶ ಪ್ರತಿವರ್ಷ ತನ್ನ ರಾಜತಾಂತ್ರಿಕ ಆದ್ಯತೆಗಳನ್ನು ನುಣುಪು ಕಾಗದದಲ್ಲಿ ಅಚ್ಚು ಹಾಕಿಸಿ ಹಂಚುತ್ತದಲ್ಲ, ಅದರಲ್ಲಿನ ನಿಶ್ಶಸ್ತ್ರೀಕರಣ ಒಂದು ಕಪಾಟು, ಶಾಂತಿಸ್ಥಾಪನೆ ಇನ್ನೊಂದು, ಮಹಿಳೆಯರ ಸಹಭಾಗಿತ್ವ ಮೂರನೆಯದು. ಮೊದಲ ದಿನವೇ ಕೋಟಮ್ಮ ನನ್ನನ್ನು ಅವುಗಳೆದುರು ನಿಲ್ಲಿಸಿ, ‘ಇದು ಮೂರೂ ಒಂದೇ ಕೆಲಸ. ಬೀಗ ಮೂರು ಕೊಟ್ಟಿದಾರೆ, ಏನ್ ಮಾಡೋದು’ ಎಂದರು. ಮೂರನೆಯ ಕಪಾಟಿನ ಬೀಗದ ಕೈ ಕಳೆದು ಎಷ್ಟೋ ವರ್ಷಗಳಾಗಿದ್ದವು. ಅವರು ಅದನ್ನು ಒಂದು ಚಮಚದ ಹಿಡಿಯಿಂದ ತೆರೆಯುತ್ತಿದ್ದರು.

ಅವರ ಬದುಕನ್ನೆಲ್ಲ ನುಂಗಿದ ಹದಿನೇಳನೆಯ ಪ್ಯಾರಾದ ಕಥೆ ಶುರುವಾದದ್ದು ಈ ಕೋಣೆಯಲ್ಲಲ್ಲ. ಅಂತರ್ಯುದ್ಧವೊಂದು ಆಗಷ್ಟೇ ತಣ್ಣಗಾಗಿದ್ದ ದೂರದ ಒಂದು ನಾಡಿಗೆ, ಬಂಡುಕೋರರು ಆಯುಧ ಒಪ್ಪಿಸುವುದನ್ನು ನೋಡಿ ವರದಿ ಬರೆಯಲು ಅವರನ್ನು ಕಳಿಸಿದ್ದರು. ತಂತಿಬೇಲಿಯ ಒಳಗೆ ಮೇಜು, ಮೇಜಿನ ಮುಂದೆ ಗಂಡಸರ ಸಾಲು. ಒಂದು ಬಂದೂಕು ಕೊಟ್ಟವನಿಗೆ ಒಂದು ಚೀಟಿ. ಚೀಟಿ ತೋರಿಸಿದರೆ ಬಟ್ಟೆ, ಬಿತ್ತನೆ ಬೀಜ, ಕಸುಬು ಕಲಿಸುವ ಶಾಲೆಯಲ್ಲಿ ಜಾಗ. ಬೇಲಿಯ ಹೊರಗೆ ಅವರಷ್ಟೇ ಸಂಖ್ಯೆಯ ಹೆಂಗಸರು ನಿಂತಿದ್ದರು. ಏಳೆಂಟು ವರ್ಷ ಅದೇ ಕಾಡಿನಲ್ಲಿ ಬೇಯಿಸಿದವರು, ಗಾಯ ಕಟ್ಟಿದವರು, ಮದ್ದುಗುಂಡಿನ ಮೂಟೆ ಹೊತ್ತವರು; ಆದರೆ ಕೈಯಲ್ಲಿ ಕೊಡಲು ಬಂದೂಕಿಲ್ಲ, ಆದ್ದರಿಂದ ಚೀಟಿಯಿಲ್ಲ. ಅವರಲ್ಲೊಬ್ಬಳು ಬೇಲಿಗೆ ಬೆರಳು ಸಿಕ್ಕಿಸಿ ದುಭಾಷಿಯ ಮೂಲಕ ಕೋಟಮ್ಮನಿಗೆ ಹೇಳಿದಳಂತೆ: ‘ಇವರು ಕೊಡ್ತಿರೋದೆಲ್ಲ ಹಳೇದು, ತುಕ್ಕು ಹಿಡಿದದ್ದು. ಒಳ್ಳೇದನ್ನೆಲ್ಲ ಹೂತಿಟ್ಟಿದಾರೆ. ಎಲ್ಲಿ ಅಂತ ನಮಗೆ ಗೊತ್ತು. ನಮ್ಮನ್ನ ಯಾರೂ ಕೇಳ್ಲಿಲ್ಲ.’ ಕೋಟಮ್ಮ ವರದಿಯಲ್ಲಿ ಅದನ್ನು ಬರೆದರು. ಮೇಲಿನವರು ಅದನ್ನು ಗಮನಕ್ಕೆ ತೆಗೆದುಕೊಂಡರು. ಎಂಟು ತಿಂಗಳಿಗೆ ಹೂತಿಟ್ಟ ಬಂದೂಕುಗಳು ಮೇಲೆದ್ದವು, ಆ ಊರು ಸುಟ್ಟುಹೋಯಿತು. ಬೆರಳು ಸಿಕ್ಕಿಸಿದವಳು ಏನಾದಳೆಂದು ಇವರು ಎಲ್ಲೆಲ್ಲಿಗೋ ಪತ್ರ ಬರೆದು ವಿಚಾರಿಸಿದರು, ಗೊತ್ತಾಗಲಿಲ್ಲ.

ಅಂದಿನಿಂದ ಅವರಿಗೆ ಒಂದೇ ಹಟ. ಆಯುಧ ಒಪ್ಪಿಸಿಕೊಳ್ಳುವ ಪ್ರತಿಯೊಂದು ಸಮಿತಿಯಲ್ಲೂ ಆಯಾ ಊರಿನ ಹೆಂಗಸರಿಗೆ ಅರ್ಧ ಸ್ಥಾನ ಇರಬೇಕು, ಬಂದೂಕಿಲ್ಲದೆ ಬಂದವಳಿಗೂ ಚೀಟಿ ಸಿಗಬೇಕು. ಹತ್ತೊಂಬತ್ತು ದೇಶಗಳ ಒಂದು ಗುಂಪು ಇಂಥ ನಿಯಮಗಳನ್ನು ವರ್ಷಕ್ಕೊಮ್ಮೆ ಪರಿಷ್ಕರಿಸುತ್ತಿತ್ತು; ಕರಡು ಬರೆಯುವ ಹೊಣೆ ನಮ್ಮದು. ಹದಿನಾರು ಪ್ಯಾರಾಗಳು ಸಿದ್ಧವಿದ್ದವು. ಕೋಟಮ್ಮ ತಮ್ಮದನ್ನು ಹದಿನೇಳನೆಯದಾಗಿ ಸೇರಿಸಿದರು.

ಈ ಗುಂಪಿನಲ್ಲಿ ಕೈಯೆತ್ತಿ ಮತ ಹಾಕುವ ಪದ್ಧತಿಯಿಲ್ಲ. ಕರಡನ್ನು ಮಿಕ್ಕ ಹದಿನೆಂಟು ರಾಜಧಾನಿಗಳಿಗೂ ಕಳಿಸಿ, ಇಂಥ ಶುಕ್ರವಾರ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಆಕ್ಷೇಪವಿದ್ದವರು ಈ ಸಂಖ್ಯೆಗೆ ಫೋನ್ ಮಾಡಿ ಎಂದು ತಿಳಿಸುವುದು. ಫೋನು ಬಾರದಿದ್ದರೆ ಎಲ್ಲರೂ ಒಪ್ಪಿದಂತೆ, ಒಂದು ಬಂದರೂ ಆ ಪ್ಯಾರಾ ಬಿದ್ದಂತೆ. ಇದಕ್ಕೆ ಮೌನದ ಗಡುವು ಎಂದು ಹೆಸರು. ಆ ಸಂಖ್ಯೆ ನಮ್ಮ ಕೋಣೆಯದು, ಫೋನು ಕೋಟಮ್ಮನ ಮೇಜಿನದು. ಎಂಥ ವಿಚಿತ್ರ ಉದ್ಯೋಗ ನೋಡಿ: ಜಗತ್ತಿನಲ್ಲಿ ಒಂಟಿಯಾಗಿರುವವರೆಲ್ಲ ಫೋನು ಬರಲಿ ಎಂದು ಕಾಯುತ್ತಾರೆ, ಈ ಒಂಟಿ ಹೆಂಗಸು ವರ್ಷಕ್ಕೊಂದು ದಿನ ಏಳು ಗಂಟೆ ಕಾಲ ಅದು ಬಾರದಿರಲಿ ಎಂದು ಕೈಮುಗಿದು ಕೂರುತ್ತಿದ್ದರು. ಅದು ಬರುತ್ತಿತ್ತು. ಮೂರೂವರೆಗೋ ಮೂರೂಮುಕ್ಕಾಲಿಗೋ, ನಯವಾದ ದನಿಯೊಂದು, ಹೆಸರನ್ನು ದಾಖಲಿಸಬಾರದೆಂಬ ಕೋರಿಕೆಯೊಡನೆ, ಹದಿನೇಳನೆಯ ಪ್ಯಾರಾವನ್ನು ಸದ್ಯಕ್ಕೆ ಕೈಬಿಟ್ಟರೆ ಒಳಿತೆನ್ನುವುದು. ಒಂದು ವರ್ಷ ‘ಅರ್ಧ’ದ ಬದಲು ‘ಸಾಕಷ್ಟು’ ಎಂದು ಬರೆದುನೋಡಿದರು, ಅದೂ ಹೋಯಿತು. ನಮ್ಮ ನಿರ್ದೇಶಕರು, ಒಳ್ಳೆಯವರೇ, ಬಾಗಿಲಲ್ಲಿ ಇಣುಕಿ, ‘ಮುಂದಿನ ವರ್ಷ ನೋಡೋಣ ಮೇಡಂ, ಭೂಮಿ ಏನು ಓಡಿಹೋಗುತ್ತಾ’ ಎನ್ನುತ್ತಿದ್ದರು. ಭೂಮಿ ಎಲ್ಲಿಗೆ ಓಡುತ್ತದೆ? ಓಡುತ್ತಿದ್ದುದು ಕೋಟಮ್ಮನ ವಯಸ್ಸು.

ಅವರ ಮನೆಗೆ ನಾನು ಹೋದದ್ದು ಮೂರೇ ಸಲ. ಒಂದು ಕೋಣೆ, ಒಂದು ಅಡುಗೆಕಟ್ಟೆ, ಊಟದ ಮೇಜಿಗೆ ಒಂದೇ ಕುರ್ಚಿ. ನಾನು ಹೋದರೆ ಅವರು ಮಂಚದ ಅಂಚಿನಲ್ಲಿ ಕೂತು ಚಹಾ ಕುಡಿಯುವರು. ಲೋಕದ ಸಮಿತಿಗಳಲ್ಲೆಲ್ಲ ಹೆಂಗಸರಿಗೆ ಕುರ್ಚಿ ಹಾಕಿಸಲು ಹೊರಟ ಮಹಾತಾಯಿ ತನ್ನ ಮನೆಗೆ ಇನ್ನೊಂದು ಕುರ್ಚಿ ತಂದಿರಲಿಲ್ಲ. ಬಂಧುಗಳೆಂದರೆ ಊರಿನ ಇನ್ನೊಂದು ತುದಿಯಲ್ಲಿದ್ದ ಅಕ್ಕ, ಅಕ್ಕನ ಮಗಳು, ಅಷ್ಟೇ. ತಾಯಿ ಬೇಗ ತೀರಿಹೋಗಿ, ಅಕ್ಕ ಹದಿನಾಲ್ಕಕ್ಕೇ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತು ಈ ತಂಗಿಯನ್ನು ಓದಿಸಿದ್ದಳು. ಆರಡಿ ಎತ್ತರದ ರಾಯಭಾರಿಗಳು ಎದ್ದುನಿಂತು ಮಾತಾಡಿಸುತ್ತಿದ್ದ ಕೋಟಮ್ಮನನ್ನು ‘ಕುಳ್ಳಿ’ ಎಂದು ಕರೆಯುವ ಹಕ್ಕು ಭೂಮಿಯ ಮೇಲೆ ಅವಳೊಬ್ಬಳಿಗೇ ಇತ್ತು.

ಅವರ ನಿವೃತ್ತಿಗೆ ನಾಲ್ಕು ವರ್ಷ ಮುಂಚಿನ ಗಡುವಿನ ದಿನ ಒಂದು ಅಚಾತುರ್ಯ ನಡೆಯಿತು. ಮೂರೂಕಾಲಿಗೆ ಫೋನು ಬಂತು. ಕೋಟಮ್ಮ ಎತ್ತಿದರೆ ಅಕ್ಕನ ಮಗಳು! ಹೊಸದಾಗಿ ಹಿಡಿದ ಬಾಡಿಗೆ ಮನೆಗೆ ಪರದೆ ಯಾವ ಬಣ್ಣದ್ದು ಹಾಕಿಸಲಿ ಎಂದು ಚಿಕ್ಕಮ್ಮನನ್ನು ಕೇಳುತ್ತಿದ್ದಳು. ಆಕ್ಷೇಪವಲ್ಲವೆಂಬ ಸಮಾಧಾನಕ್ಕೋ ಏನೋ, ಇವರು ಅಪರೂಪಕ್ಕೆ ಆರು ನಿಮಿಷ ಮಾತಾಡಿದರು, ಹಸಿರು ಬೇಡ ಎಂದರು, ಒಮ್ಮೆ ನಕ್ಕರು ಕೂಡ. ಆ ಆರು ನಿಮಿಷದಲ್ಲಿ ಒಂದು ದೇಶದವರು ಪ್ರಯತ್ನಿಸಿ, ಫೋನು ಸಿಗಲಿಲ್ಲವೆಂದು ದೂರು ಬರೆದರು. ಗಡುವೇ ರದ್ದಾಯಿತು, ಪ್ಯಾರಾ ಬಿದ್ದುಹೋಯಿತು. ಮರುದಿನ ಕೋಟಮ್ಮ ಅಕ್ಕನ ಮಗಳಿಗೆ ಫೋನ್ ಮಾಡಿ ಆಡಿದ ಮಾತನ್ನು ನಾನು ಎದುರಿಗೇ ಕೂತು ಕೇಳಿದೆ. ‘ಇನ್ಮೇಲೆ ಆ ದಿನ ಈ ಕಡೆ ಫೋನ್ ಮುಟ್ಟಕೂಡದು. ಮನೆಗೆ ಬೆಂಕಿ ಬಿದ್ರೂ ಸರಿ, ನಾಲ್ಕರ ಮೇಲೆ ಹೇಳು. ತಿಳೀತಾ?’ ಎಂದೂ ದನಿಯೇರಿಸದ ಹೆಂಗಸು ಹಾಗೆ ಗುಡುಗಿದ್ದು ಕಂಡು ನಾನು ಎದ್ದು ಹೊರಗೆ ಹೋಗಿಬಿಟ್ಟೆ.

ಅದಾಗಿ ವರ್ಷದೊಳಗೆ ಅಕ್ಕನ ನೆನಪು ಹೋಗತೊಡಗಿತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ತನ್ನ ಬೀದಿ, ಆಮೇಲೆ ತಂಗಿಯ ಮುಖ. ಭಾನುವಾರ ಭಾನುವಾರ ಕೋಟಮ್ಮ ಎರಡು ಬಸ್ಸು ಬದಲಾಯಿಸಿ ಹೋಗುವರು. ಅಕ್ಕ ಆ ಬೂದು ಕೋಟನ್ನು ಅಡಿಯಿಂದ ಮುಡಿಯವರೆಗೆ ನೋಡಿ ಮಗಳಿಗೆ ಕೂಗಿ ಹೇಳುವಳು: ‘ಯಾರೋ ಕಚೇರಿಯವರು ಬಂದಿದಾರೆ ಕಣೇ, ಕುರ್ಚಿ ಹಾಕು.’ ಇವರು ಕಚೇರಿಯವರಂತೆಯೇ ಕೂತು, ಆರೋಗ್ಯ ಹೇಗಿದೆಯೆಂದು ವಿಚಾರಿಸಿ, ಎರಡು ಗಂಟೆ ಕಳೆದು ಎದ್ದುಬರುವರು. ಕೋಟು ಬಿಚ್ಚಿ ಹೋಗಿ ನೋಡಬಾರದೇ ಮೇಡಂ, ಗುರುತು ಹತ್ತೀತು ಎಂದೆ. ‘ನೋಡಿದೆ. ಆಗ ಯಾರೂಂತ್ಲೂ ಕೇಳ್ಲಿಲ್ಲ, ಹೆದರ್ಕೊಂಡ್ಲು. ಕಚೇರಿಯವರು ಅಂದ್ರೆ ಮರ್ಯಾದೆನಾದ್ರೂ ಕೊಡ್ತಾಳೆ’ ಎಂದರು. ಸಂಕಟವಾದಾಗ ಸಿಡುಕುವುದು ನನ್ನ ಸ್ವಭಾವ. ಕಿಟಕಿ ತೆರೆಯುವುದಿಲ್ಲವೆಂದು ಅಂದೆಲ್ಲ ಲೋಕೋಪಯೋಗಿ ಇಲಾಖೆಯನ್ನು ಬೈದೆ.

ನಿವೃತ್ತಿಗೆ ಎರಡು ತಿಂಗಳಿರುವಾಗ ಕೊನೆಯ ಕರಡು ಹೋಯಿತು. ‘ಸಾಕಷ್ಟು’ ತೆಗೆದು ಮತ್ತೆ ‘ಅರ್ಧ’ ಎಂದೇ ಬರೆದಿದ್ದರು. ಈ ಸಲ ಅವರು ಇನ್ನೊಂದು ಕೆಲಸ ಮಾಡಿದ್ದರು. ಜೊತೆಗಿನ ಪತ್ರದ ಅಡಿಯಲ್ಲಿ, ಆಕ್ಷೇಪಿಸುವ ದೇಶದ ಹೆಸರನ್ನೂ ಕಾರಣವನ್ನೂ ಮಿಕ್ಕೆಲ್ಲ ದೇಶಗಳಿಗೆ ಅಂದೇ ತಿಳಿಸಲಾಗುವುದು ಎಂದು ಒಂದು ಸಾಲು. ನಿಯಮಾವಳಿಯ ಯಾವುದೋ ಮೂಲೆಯಲ್ಲಿ ಅದಕ್ಕೆ ಆಸ್ಪದವಿತ್ತಂತೆ, ಯಾರೂ ಬಳಸಿರಲಿಲ್ಲ. ನಿರ್ದೇಶಕರು ಓದಿ ತಲೆ ಕೆರೆದುಕೊಂಡರು, ರುಜು ಹಾಕಿದರು. ನಿವೃತ್ತರಾಗುವವರ ಕೊನೆಯ ಆಸೆ, ಹೋಗಲಿ ಎಂದುಕೊಂಡಿರಬೇಕು.

ಆ ಶುಕ್ರವಾರ ಒಂಬತ್ತಕ್ಕೆ ಐದು ನಿಮಿಷವಿರುವಾಗ ಕೋಟಮ್ಮ ಫೋನಿನ ಮುಂದೆ ಕೂತರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ಎರಡೂವರೆಗೆ ನಿರ್ದೇಶಕರು ಬೆವರೊರೆಸಿಕೊಳ್ಳುತ್ತ ಬಂದರು. ಊಟದ ಮೇಜಿನಲ್ಲಿ ಮಿತ್ರರಾಷ್ಟ್ರವೊಂದರವರು ಕಿವಿಯಲ್ಲಿ ಏನೋ ಊದಿದ್ದರು.

‘ಮೇಡಂ, ಅವರಿಗೆ ಹದಿನೇಳು ಸ್ವಲ್ಪ ಕಷ್ಟ ಆಗ್ತಿದೆಯಂತೆ. ನಾವೇ ಹಿಂದಕ್ಕೆ ತಗೊಂಡ್ರೆ ಹೇಗೆ?’

‘ಗಡುವು ಶುರುವಾದ ಮೇಲೆ ಬರೆದವರು ಮುಟ್ಟೋ ಹಾಗಿಲ್ಲ ಸರ್. ಕಷ್ಟ ಇದ್ರೆ ಅವರೇ ಫೋನ್ ಮಾಡ್ಲಿ. ಹೆಸರು ಬರ್ಕೊಳ್ತೀನಿ.’

‘ಹೆಸರು ಬೇಡ ಅಂತಾರೆ...’

‘ಹಾಗಾದ್ರೆ ಕಷ್ಟವೂ ಅಷ್ಟೊಂದಿಲ್ಲ ಅಂತಾಯ್ತು’ ಎಂದು ಕೋಟಮ್ಮ ಪೆನ್ನಿನ ಮುಚ್ಚಳ ತೆಗೆದು ಬಿಳಿ ಹಾಳೆಯ ಮೇಲೆ ಅಡ್ಡವಿಟ್ಟರು. ನಿರ್ದೇಶಕರು ಆ ಪೆನ್ನನ್ನು ನೋಡಿ ಹೊರಟುಹೋದರು. ಆಮೇಲಿನ ಒಂದೂವರೆ ಗಂಟೆಯನ್ನು ನಾನು ಜನ್ಮದಲ್ಲಿ ಮರೆಯಲಾರೆ. ಮೂರೂವರೆ ಆಯಿತು, ಮೂರೂಮುಕ್ಕಾಲಾಯಿತು, ಫೋನು ಸುಮ್ಮನಿತ್ತು. ನಾನು ಮೂರು ಸಲ ರಿಸೀವರ್ ಎತ್ತಿ ನೋಡಲು ಹೋದೆ, ಮೂರು ಸಲವೂ ಅವರು ನನ್ನ ಕೈ ಮೇಲೆ ಮೆಲ್ಲನೆ ಹೊಡೆದರು. ಗೋಡೆ ಗಡಿಯಾರ ನಾಲ್ಕು ತೋರಿಸಿತು. ಹದಿನೆಂಟು ದೇಶಗಳಿಗೂ ಪ್ಯಾರಾ ಬೇಡವಾಗಿತ್ತೋ ಏನೋ, ಆದರೆ ಬೇಡವೆಂದವನು ನಾನೇ ಎನಿಸಿಕೊಳ್ಳುವ ಧೈರ್ಯ ಒಂದಕ್ಕೂ ಬಂದಿರಲಿಲ್ಲ. ‘ಗೆದ್ರಿ ಮೇಡಂ!’ ಎಂದು ನಾನು ಮೇಜು ಗುದ್ದಿದೆ. ಅವರು ಎರಡು ಅಂಗೈಯಲ್ಲೂ ಮುಖ ಮುಚ್ಚಿಕೊಂಡು ಕೂತರು. ಹೆಗಲು ಅಲುಗುತ್ತಿತ್ತು. ಅಳುತ್ತಿದ್ದರೋ ನಗುತ್ತಿದ್ದರೋ ಹೇಳಲಾರೆ.

ನಾಲ್ಕು ಗಂಟೆ ಐದು ನಿಮಿಷಕ್ಕೆ ಫೋನು ಬಡಿದುಕೊಂಡಿತು. ನಾನೇ ಹಾರಿ ಎತ್ತಿ, ‘ನಾಲ್ಕಾಯ್ತು ಸ್ವಾಮಿ, ಮುಗೀತು, ಇನ್ನು ಏನೂ ನಡೆಯಲ್ಲ’ ಎಂದೆ.

‘ನಾಲ್ಕಾಯ್ತು ಅಂತಾನೇ ಮಾಡಿದೆ’ ಎಂದಿತು ಆ ಕಡೆಯ ದನಿ. ಅಕ್ಕನ ಮಗಳು. ‘ಚಿಕ್ಕಮ್ಮ ಇದಾರಾ?’

ರಿಸೀವರನ್ನು ಕೋಟಮ್ಮನ ಕೈಗೆ ಕೊಟ್ಟೆ. ಆ ಹುಡುಗಿ ಹೇಳಿದ್ದು ಇಷ್ಟು. ಬೆಳಿಗ್ಗೆ ಒಂಬತ್ತೂವರೆಗೆ ಅಮ್ಮ ಎದ್ದವಳೇ ಮಗಳನ್ನು ಹೆಸರು ಹಿಡಿದು ಕರೆದಳು. ಎರಡು ವರ್ಷದ ಮೇಲೆ. ಬೀದಿ ಯಾವುದು, ವಾರ ಯಾವುದು, ಎಲ್ಲ ಸರಿಯಾಗಿ ಹೇಳಿದಳು. ‘ಕುಳ್ಳಿ ಎಲ್ಲೇ? ಅವಳು ಬಂದು ಎಷ್ಟು ದಿನ ಆಯ್ತು? ಫೋನ್ ಮಾಡಿಕೊಡು, ಮಾತಾಡ್ಬೇಕು’ ಎಂದಳು. ಮಗಳು, ಚಿಕ್ಕಮ್ಮನಿಗೆ ಇವತ್ತು ಗಡುವು, ನಾಲ್ಕರವರೆಗೆ ಮಾಡುವ ಹಾಗಿಲ್ಲ ಎಂದಳು. ‘ಹೌದಾ? ಅವಳ ಕೆಲಸ ಕೆಡೋದು ಬೇಡ, ಕಾಯ್ತೀನಿ’ ಎಂದು ಅಕ್ಕ ತಲೆ ಬಾಚಿಸಿಕೊಂಡು ಫೋನಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ಕೂತೇ ಇದ್ದಳು. ಒಂದೂವರೆಗೆ ಸ್ವಲ್ಪ ಕಣ್ಣು ಹತ್ತಿತು. ಎದ್ದಾಗ ಮಗಳನ್ನು ನೋಡಿ, ಯಾರಮ್ಮಾ ನೀನು ಎಂದಳು. ‘ನಾನು ಮಾಡ್ಬೇಕಿತ್ತಾ ಚಿಕ್ಕಮ್ಮ? ನೀವೇ ಬೇಡ ಅಂದಿದ್ರಲ್ಲ... ಬಿಟ್ಟು ಬರೋಕೂ ಆಗ್ಲಿಲ್ಲ’ ಎಂದು ಹುಡುಗಿ ಬಿಕ್ಕುತ್ತಿದ್ದದ್ದು ನನಗೂ ಕೇಳುತ್ತಿತ್ತು.

‘ಅಳ್ಬೇಡ. ನಿಂದೇನೂ ತಪ್ಪಿಲ್ಲ’ ಎಂದರು ಕೋಟಮ್ಮ. ‘ಈಗ ಅವಳ ಕೈಗೆ ಕೊಡು.’

ಫೋನು ಕೈ ಬದಲಾದ ಸದ್ದು. ಆಮೇಲೆ ಮುದಿ ದನಿ, ಸ್ಪಷ್ಟವಾಗಿ, ಬಹಳ ಮರ್ಯಾದೆಯಿಂದ: ‘ಯಾರು, ಕಚೇರಿಯವರಾ? ನಮ್ಮ ಕುಳ್ಳಿ ಮನೇಲಿಲ್ಲ ಸ್ವಾಮಿ. ಕೆಲಸಕ್ಕೆ ಹೋಗಿದಾಳೆ. ಬಂದ ಮೇಲೆ ಹೇಳ್ತೀನಿ.’

‘ಸರಿ ಅಮ್ಮಾ’ ಎಂದರು ಕೋಟಮ್ಮ. ‘ಬಂದ ಮೇಲೆ ಹೇಳಿ.’

ರಿಸೀವರನ್ನು ಇಟ್ಟು, ಹದಿನೆಂಟು ರಾಜಧಾನಿಗಳಿಗೂ ಪತ್ರ ಬರೆದರು: ಯಾವ ಆಕ್ಷೇಪವೂ ಬಂದಿಲ್ಲ, ಕರಡು ಹದಿನೇಳು ಪ್ಯಾರಾಗಳೊಂದಿಗೆ ಅಂಗೀಕೃತವಾಗಿದೆ. ಅಕ್ಷರ ಒಂದಿಷ್ಟೂ ಓರೆಯಾಗಿರಲಿಲ್ಲ. ಆಮೇಲೆ ಬಸ್ಸು ಹಿಡಿದು ಅಕ್ಕನ ಮನೆಗೆ ಹೋದರು. ಆ ಬೆಳಗಿನಂಥ ಬೆಳಗು ಅಕ್ಕನಿಗೆ ಮತ್ತೆ ಬರಲಿಲ್ಲ. ಹನ್ನೊಂದು ತಿಂಗಳು ಬದುಕಿದ್ದಳು. ನಿವೃತ್ತರಾದ ಮೇಲೆ ಕೋಟಮ್ಮ ಆ ಮನೆಯಲ್ಲೇ ಉಳಿದು, ಅವಳಿಗೆ ಉಣಿಸಿ ತಲೆ ಬಾಚಿದರು, ಕಚೇರಿಯವರಾಗಿಯೇ.

ಎರಡು ವರ್ಷದ ಮೇಲೆ ನಾನೂ ಒಂದು ತಂತಿಬೇಲಿಯ ಊರಿಗೆ ವರದಿ ಬರೆಯಲು ಹೋಗಿದ್ದೆ. ಉದ್ದದ ಮೇಜು, ಅರ್ಧಕ್ಕೆ ಗಂಡಸರು, ಅರ್ಧಕ್ಕೆ ಹೆಂಗಸರು, ಕಿವಿ ಹರಿಯುವಂಥ ಜಗಳ. ಒಬ್ಬ ಗಟ್ಟಿಗಿತ್ತಿ ಬಂಡುಕೋರರ ದಳಪತಿಯನ್ನು, ‘ಇದು ಹಳೇದು, ಹಳ್ಳದ ಪಕ್ಕ ಹೂತಿರೋದು ತಗೊಂಬಾ ಹೋಗು’ ಎಂದು ಎಲ್ಲರೆದುರು ಗದರುತ್ತಿದ್ದಳು. ಆತ ಪೆಚ್ಚುಮೋರೆ ಹಾಕಿಕೊಂಡು ಹೋಗುತ್ತಿದ್ದ. ಕೈಯಲ್ಲಿ ಏನೂ ಇಲ್ಲದ ಹೆಂಗಸರಿಗೂ ಚೀಟಿ ಸಿಗುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಹಿಂದಿರುಗಿ ಬಂದು ಕೋಟಮ್ಮನಿಗೆ ಒಂದನ್ನೂ ಬಿಡದೆ ವರ್ಣಿಸಿದೆ. ಅವರು ಎಲ್ಲವನ್ನೂ ಕೇಳಿ, ಆ ಊರಿನಲ್ಲಿ ಫೋನು ಇದೆಯೇ ಎಂದು ಮಾತ್ರ ವಿಚಾರಿಸಿದರು.

ಇಂಥವರ ಬಗ್ಗೆ ಬರೆಯಲು ಕೂತವರೆಲ್ಲ ಕೊನೆಗೆ ‘ತ್ಯಾಗ’ ಎಂಬ ಶಬ್ದವನ್ನು ಕೈಗೆತ್ತಿಕೊಳ್ಳುತ್ತಾರೆ. ನನಗೂ ಆ ಚಪಲವಾಯಿತು, ಆದರೆ ಕೈ ಬರಲಿಲ್ಲ. ತ್ಯಾಗವೆಂದರೆ ಇಂಥದ್ದೆಂದು ತಿಳಿದು, ತೂಗಿ ನೋಡಿ, ಮನಸಾರೆ ಕೊಡುವುದು. ದೂರದ ಅಪರಿಚಿತರ ನ್ಯಾಯಕ್ಕೆ ಬಾಳನ್ನೇ ತೆತ್ತ ಈ ಜಾತಿಯ ಜನರಿಂದ ಯಾರೂ ಅದನ್ನು ಕೇಳಿ ಪಡೆದಿರುವುದಿಲ್ಲ. ಅವರು ಲೋಕದ ಕಡೆಗೆ ಮುಖ ಮಾಡಿ ಕೂತಿರುವಾಗ ಬೆನ್ನ ಹಿಂದೆ ಯಾರೋ ಒಬ್ಬರು, ಅವರ ಕೆಲಸ ಕೆಡದಿರಲೆಂದು, ಸದ್ದು ಮಾಡದೆ ಕಾದು ಕಾದು ಎದ್ದುಹೋಗಿರುತ್ತಾರೆ. ಬೇಲಿಯ ಹೊರಗಿನ ಸಾವಿರ ಹೆಂಗಸರಿಗೆ ಅದರಿಂದ ಒಳ್ಳೆಯದಾಯಿತು, ಆಗಲೇಬೇಕಾದ ಒಳ್ಳೆಯದು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೂ ಆ ಶುಕ್ರವಾರ ಕೋಟಮ್ಮನನ್ನು ಯಾರಾದರೂ ಕೇಳಿದ್ದರೆ, ಅಕ್ಕ ಕಾದು ಕೂತ ಆ ನಾಲ್ಕು ತಾಸು ಬೇಕೋ, ಹದಿನೇಳನೆಯ ಪ್ಯಾರಾ ಬೇಕೋ ಎಂದು, ಅವರು ಏನು ಹೇಳುತ್ತಿದ್ದರೆಂಬುದು ನನಗೆ ತಿಳಿಯದು. ಅವರಿಗೂ ತಿಳಿದಿರಲಿಲ್ಲ ಎಂದೇ ನನಗೆ ಭಯ.